3215031751: 2, 3, 5, 7 ನಾಲ್ಕನ್ನೂ ದಾಟುವ ಈ ಸಂಖ್ಯೆಯ ಗುಟ್ಟೇನು?

ಬೆಸಸಂಖ್ಯೆ
ಎಲ್ಲರಿಗೂ ನಮಸ್ಕಾರ. 32 ಬಿಟ್‌ನೊಳಗಿನ, ಅಂದರೆ 4294967296ಕ್ಕಿಂತ ಚಿಕ್ಕ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವ ಪುಟ್ಟ ಪ್ರೋಗ್ರಾಂ ಬರೆದಿದ್ದೇನೆ. ಒಳಗಿರುವುದು ಮಿಲ್ಲರ್-ರಾಬಿನ್ ಪರೀಕ್ಷೆ. ಆಧಾರ 2, 3, 5, 7, ನಾಲ್ಕೇ. ಉತ್ತರ ಸರಿಯಿದೆಯಾ ಎಂದು ನೋಡಲು ಎರಟೋಸ್ತನೀಸನ ಜರಡಿ (ಗುಣಕಗಳನ್ನು ಹೊಡೆದುಹಾಕುತ್ತಾ ಅವಿಭಾಜ್ಯಗಳನ್ನು ಮಾತ್ರ ಉಳಿಸುವ ವಿಧಾನ) ಹಿಡಿದು ಪೂರ್ತಿ ಪಟ್ಟಿ ತಯಾರಿಸಿ, ಎರಡನ್ನೂ ಹೋಲಿಸಿದೆ.

ನಾನೂರು ಕೋಟಿಗೂ ಜಾಸ್ತಿ ಸಂಖ್ಯೆಗಳಲ್ಲಿ ಒಂದೇ ಒಂದು ಕಡೆ ಜಗಳ ಬಂತು. 3215031751. ಪ್ರೋಗ್ರಾಂ ಇದನ್ನು ಅವಿಭಾಜ್ಯ ಅನ್ನುತ್ತದೆ, ಜರಡಿ ಅಲ್ಲ ಅನ್ನುತ್ತದೆ. ಭಾಗಿಸಿ ನೋಡಿದರೆ ಜರಡಿಯೇ ಸರಿ, 151ರಿಂದ ಶೇಷವಿಲ್ಲದೆ ಭಾಗವಾಗುತ್ತದೆ.

ಪಟ್ಟಿಗೆ 11 ಸೇರಿಸಿದರೆ ಸಮಸ್ಯೆ ಮುಗಿಯುತ್ತದೆ, ಅದು ಗೊತ್ತು. ನನ್ನ ಪ್ರಶ್ನೆ ಬೇರೆ. ಇಷ್ಟು ದೊಡ್ಡ ಗುಂಪಿನಲ್ಲಿ ಇದೊಂದೇ ಯಾಕೆ? ಇದು ಸುಮ್ನೆ ಕಾಕತಾಳೀಯವಾ, ಅಥವಾ ಸಂಖ್ಯೆಯ ಒಳಗೇ ಕಾರಣ ಇದೆಯಾ?

ಗುಣಲಬ್ಧ
ಕಾರಣ ಇದೆ, ಮತ್ತು ಕಾಗದ-ಪೆನ್ನಿನಲ್ಲೇ ನೋಡಬಹುದು. ಮೊದಲು ಬಿಡಿಸಿ ಬರೆಯೋಣ:

3215031751 = 151 × 751 × 28351

ಮೂರೂ ಅವಿಭಾಜ್ಯ. ನಿಮ್ಮ ಪ್ರೋಗ್ರಾಂ ಕಂಡುಕೊಂಡದ್ದು ಹಳೆಯ, ಹೆಸರುವಾಸಿ ಸಂಖ್ಯೆ. 1980ರಲ್ಲಿ ಪೊಮೆರನ್ಸ್, ಸೆಲ್ಫ್ರಿಜ್ ಮತ್ತು ವಾಗ್‌ಸ್ಟಾಫ್ 2500 ಕೋಟಿಯವರೆಗಿನ ಹುಸಿ ಅವಿಭಾಜ್ಯಗಳನ್ನು ಹುಡುಕಿ ಪ್ರಕಟಿಸಿದರು. 2, 3, 5 ಮೂರನ್ನೂ ದಾಟುವ ಸಂಯುಕ್ತ ಸಂಖ್ಯೆಗಳು ಅಷ್ಟರೊಳಗೆ 13 ಇವೆ. 7ನ್ನೂ ಸೇರಿಸಿದರೆ ಉಳಿಯುವುದು ಇದೊಂದೇ. ಹಾಗಾಗಿ 32 ಬಿಟ್ ಅಲ್ಲ, 2500 ಕೋಟಿವರೆಗೆ ಹೋಗಿದ್ದರೂ ನಿಮಗೆ ಬೇರೆ ಸಂಖ್ಯೆ ಸಿಗುತ್ತಿರಲಿಲ್ಲ.

ಇನ್ನೊಂದು ವಿಷಯ. ಇದು ಕಾರ್ಮೈಕಲ್ ಸಂಖ್ಯೆಯೂ ಹೌದು. ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಹೊಸಕಲಿಕೆ
ಸ್ವಲ್ಪ ನಿಲ್ಲಿ ಸರ್. ಅವಿಭಾಜ್ಯ ಸಂಖ್ಯೆ, ಶೇಷ, ಮಸಾಅ ಇಷ್ಟು ಗೊತ್ತು. ಈ ಪರೀಕ್ಷೆ ಏನು ಮಾಡುತ್ತದೆ, ಕಾರ್ಮೈಕಲ್ ಅಂದರೆ ಏನು ಎಂದು ಯಾರಾದರೂ ಬಿಡಿಸಿ ಹೇಳ್ತೀರಾ? ಇಲ್ಲದಿದ್ದರೆ ಮುಂದಿನದ್ದೇನೂ ನನ್ನ ತಲೆಗೆ ಹೋಗುವುದಿಲ್ಲ.

ಶೇಷಪ್ರಿಯ
ನಾನು ಹೇಳ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಫರ್ಮಾ 1640ರಲ್ಲಿ ಹೇಳಿದ ನಿಯಮವೇ ಬುನಾದಿ. ಒಂದು ಅವಿಭಾಜ್ಯ ಸಂಖ್ಯೆ ತಗೊಳ್ಳಿ. ಅದರ ಗುಣಕವಲ್ಲದ ಯಾವುದಾದರೂ ಒಂದು ಸಂಖ್ಯೆಯನ್ನು ಆಧಾರವಾಗಿ ಹಿಡಿಯಿರಿ. ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತಕ್ಕೆ ಆಧಾರವನ್ನು ಏರಿಸಿ ಭಾಗಿಸಿದರೆ ಶೇಷ ಯಾವಾಗಲೂ 1. ಉದಾಹರಣೆಗೆ 7ಕ್ಕೆ: 2⁶ = 64 = 9×7 + 1.

ಇದನ್ನೇ ಪರೀಕ್ಷೆಯಾಗಿ ಬಳಸಬಹುದು. ಶೇಷ 1 ಬರದಿದ್ದರೆ ಆ ಸಂಖ್ಯೆ ಖಂಡಿತ ಸಂಯುಕ್ತ. ಆದರೆ 1 ಬಂದರೆ? ಅವಿಭಾಜ್ಯ ಎಂದು ಹೇಳಲಾಗದು. 341 = 11×31 ನೋಡಿ. 2¹⁰ = 1024 = 3×341 + 1. ಹಾಗಾಗಿ 2ರ 340ನೇ ಘಾತಕ್ಕೂ ಶೇಷ 1. ಆಧಾರ 2ಕ್ಕೆ 341 ಮೋಸ ಮಾಡಿತು. ಇಂಥವನ್ನು ಹುಸಿ ಅವಿಭಾಜ್ಯ ಅನ್ನುತ್ತಾರೆ. ಆಧಾರ 3 ಹಿಡಿದರೆ 341 ಸಿಕ್ಕಿಬೀಳುತ್ತದೆ.

ಕೆಲವು ಸಂಖ್ಯೆಗಳು ಆಧಾರ ಬದಲಿಸಿದರೂ ಸಿಗುವುದಿಲ್ಲ. ತಮ್ಮೊಂದಿಗೆ ಸಾಮಾನ್ಯ ಅಪವರ್ತನ ಇಲ್ಲದ ಎಲ್ಲಾ ಆಧಾರಕ್ಕೂ ಶೇಷ 1 ಕೊಡುತ್ತವೆ. ಅವೇ ಕಾರ್ಮೈಕಲ್ ಸಂಖ್ಯೆಗಳು. ಅತಿ ಚಿಕ್ಕದು 561 = 3×11×17. ಗುರುತಿಸುವ ನಿಯಮವನ್ನು ಕೋರ್ಸೆಲ್ಟ್ 1899ರಲ್ಲೇ ಕೊಟ್ಟಿದ್ದ: ಯಾವ ಅವಿಭಾಜ್ಯವೂ ಎರಡು ಸಲ ಬರಬಾರದು, ಮತ್ತು ಪ್ರತಿ ಅಪವರ್ತನದಿಂದ 1 ಕಳೆದರೆ ಸಿಗುವುದು, ಪೂರ್ತಿ ಸಂಖ್ಯೆಯಿಂದ 1 ಕಳೆದದ್ದನ್ನು ಭಾಗಿಸಬೇಕು. 561ಕ್ಕೆ 2, 10, 16 ಮೂರೂ 560ನ್ನು ಭಾಗಿಸುತ್ತವೆ. ಇಂಥ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು 1994ರಲ್ಲಿ ಆಲ್ಫರ್ಡ್, ಗ್ರಾನ್‌ವಿಲ್, ಪೊಮೆರನ್ಸ್ ಸಾಬೀತು ಮಾಡಿದರು. ಅಂದರೆ ಬರೀ ಫರ್ಮಾ ಪರೀಕ್ಷೆ ನಂಬಿ ಕೂತರೆ ಆಗುವುದಿಲ್ಲ.

ಮಿಲ್ಲರ್-ರಾಬಿನ್ ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಕೇಳುವ ಪ್ರಶ್ನೆ: ಶೇಷ 1 ಬಂತು ಸರಿ, ಆ 1ರ ವರ್ಗಮೂಲ ಏನಾಗಿತ್ತು? ಅವಿಭಾಜ್ಯದ ಲೆಕ್ಕದಲ್ಲಿ ವರ್ಗ ಮಾಡಿದರೆ 1 ಕೊಡುವ ಶೇಷಗಳು ಎರಡೇ, +1 ಮತ್ತು −1. ಮೂರನೆಯದು ಕಂಡರೆ ಸಂಖ್ಯೆ ಸಂಯುಕ್ತ. 561ರಲ್ಲಿ ಆಧಾರ 2 ಹಿಡಿದರೆ 140ನೇ ಘಾತದ ಶೇಷ 67, 280ನೇ ಘಾತದ ಶೇಷ 1. 67² = 4489 = 8×561 + 1. 67 ಎಂಬುದು +1 ಕೂಡ ಅಲ್ಲ, −1 ಕೂಡ ಅಲ್ಲ. ಅಲ್ಲಿಗೆ 561ರ ಬಣ್ಣ ಬಯಲಾಯಿತು.

ಹೊಸಕಲಿಕೆ
ತುಂಬಾ ಚೆನ್ನಾಗಿ ಅರ್ಥ ಆಯ್ತು. −1 ಅಂದರೆ ಸಂಖ್ಯೆಗಿಂತ ಒಂದು ಕಡಿಮೆಯಾದ ಶೇಷ ಅಲ್ವಾ?

ಶೇಷಪ್ರಿಯ
ಹೌದು. 561ರಲ್ಲಿ −1 ಅಂದರೆ 560.

ಗುಣಲಬ್ಧ
ಈಗ ನಮ್ಮ ಸಂಖ್ಯೆಗೆ ಬರೋಣ. 1 ಕಳೆದು ಬಿಡಿಸಿದರೆ:

3215031750 = 2 × 3⁴ × 5³ × 7 × 37 × 613

ಮೂರು ಅಪವರ್ತನಗಳಿಂದ 1 ಕಳೆದರೆ 150, 750, 28350. 3215031750ನ್ನು 150ರಿಂದ ಭಾಗಿಸಿದರೆ 21433545. 750ರಿಂದ 4286709. 28350ರಿಂದ 113405. ಎಲ್ಲೂ ಶೇಷವಿಲ್ಲ. ಕೋರ್ಸೆಲ್ಟ್ ನಿಯಮ ಪೂರ್ತಿ ಹೊಂದುತ್ತದೆ, ಹಾಗಾಗಿ ಕಾರ್ಮೈಕಲ್ ಸಂಖ್ಯೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಈ ಮೂರರ ನಂಟು. 750 ಅಂದರೆ 5×150. 28350 ಅಂದರೆ 189×150. ಮೂರೂ ಅವಿಭಾಜ್ಯಗಳು 150ರ ಗುಣಕಕ್ಕೆ 1 ಸೇರಿಸಿದ ಸಂಖ್ಯೆಗಳು. 150, 750, 28350ರ ಲಸಾಅ ಬರೀ 141750. ಅಂದರೆ 151, 751, 28351 ಯಾವುದರ ಗುಣಕವೂ ಅಲ್ಲದ ಯಾವ ಸಂಖ್ಯೆಯನ್ನೇ ತಗೊಳ್ಳಿ, ಅದರ 141750ನೇ ಘಾತಕ್ಕೇ ಶೇಷ 1 ಬಂದುಬಿಡುತ್ತದೆ. ಮುನ್ನೂರು ಕೋಟಿ ದಾಟಿದ ಸಂಖ್ಯೆಗೆ ಇದು ಬಹಳ ಚಿಕ್ಕ ಘಾತ.

ಬೆಸಸಂಖ್ಯೆ
ಫರ್ಮಾ ಪರೀಕ್ಷೆ ದಾಟುವುದಕ್ಕೆ ಕಾರಣ ಸಿಕ್ಕಿತು. ಆದರೆ 561 ಕೂಡ ಕಾರ್ಮೈಕಲ್, ಅದು ಮಿಲ್ಲರ್-ರಾಬಿನ್‌ನಲ್ಲಿ ಮೊದಲ ಆಧಾರಕ್ಕೇ ಬಿತ್ತು. ಇದು ನಾಲ್ಕು ಆಧಾರ ಹೇಗೆ ದಾಟಿತು?

ಶೇಷಪ್ರಿಯ
ಇದೇ ಮುಖ್ಯ ಪ್ರಶ್ನೆ. ನಿಧಾನವಾಗಿ ನೋಡೋಣ.

151, 751, 28351. ಮೂರನ್ನೂ 4ರಿಂದ ಭಾಗಿಸಿ. ಮೂರಕ್ಕೂ ಶೇಷ 3. ಪೂರ್ತಿ ಸಂಖ್ಯೆಗೂ ಶೇಷ 3. ಹಾಗಾಗಿ 3215031750ನ್ನು ಒಂದು ಸಲ ಮಾತ್ರ 2ರಿಂದ ಭಾಗಿಸಬಹುದು. ಸಿಗುವ 1607515875 ಬೆಸ ಸಂಖ್ಯೆ. ಇದನ್ನು 'ಅರ್ಧ ಘಾತ' ಎಂದು ಕರೆಯೋಣ. ಇಂಥ ಸಂಖ್ಯೆಗೆ ಮಿಲ್ಲರ್-ರಾಬಿನ್ ಒಂದೇ ಪ್ರಶ್ನೆಗೆ ಇಳಿಯುತ್ತದೆ: ಆಧಾರದ ಅರ್ಧ ಘಾತಕ್ಕೆ ಶೇಷ +1 ಅಥವಾ −1 ಬರುತ್ತದೆಯೇ?

ಈಗ ಪೂರ್ತಿ ಸಂಖ್ಯೆಯ ಬದಲು ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ ಶೇಷ ನೋಡಿ. 151ರಲ್ಲಿ ಶೇಷ ±1 ಬಿಟ್ಟು ಬೇರೆ ಬರಲು ಸಾಧ್ಯವೇ ಇಲ್ಲ, ಯಾಕೆಂದರೆ ವರ್ಗ ಮಾಡಿದರೆ 1 ಬರಲೇಬೇಕು. 751ರಲ್ಲೂ ಹಾಗೆ, 28351ರಲ್ಲೂ ಹಾಗೆ. ಅಂದರೆ ಪ್ರತಿ ಆಧಾರಕ್ಕೂ ಮೂರು ಚಿಹ್ನೆ ಸಿಗುತ್ತವೆ. ಮೂರೂ + ಆದರೆ ಪೂರ್ತಿ ಸಂಖ್ಯೆಗೆ ಶೇಷ +1, ಪರೀಕ್ಷೆ ಪಾಸು. ಮೂರೂ − ಆದರೆ ಶೇಷ −1, ಅದೂ ಪಾಸು. ಚಿಹ್ನೆಗಳು ಬೆರೆತರೆ ಮಾತ್ರ ಸಿಕ್ಕಿಬೀಳುತ್ತದೆ. ಮೂವರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳಿದ ಹಾಗೆ. ಹೇಳಿಕೆ ಹೊಂದಿದರೆ ಬಿಟ್ಟುಬಿಡುತ್ತೇವೆ.

ಚಿಹ್ನೆ ತೀರ್ಮಾನವಾಗುವುದು ಹೇಗೆ? ಅರ್ಧ ಘಾತವನ್ನು 75, 375, 14175ರಿಂದ ಭಾಗಿಸಿದರೆ ಗುಣಲಬ್ಧ ಅವರು ಬರೆದ ಅವೇ 21433545, 4286709, 113405 ಬರುತ್ತವೆ. ಮೂರೂ ಬೆಸ. ಹಾಗಾಗಿ ಚಿಹ್ನೆ ಕೆಡುವುದಿಲ್ಲ. ಆಯಿಲರ್ ತೋರಿಸಿದ ಹಾಗೆ, ಆ ಅವಿಭಾಜ್ಯದ ಲೆಕ್ಕದಲ್ಲಿ ಆಧಾರ ಯಾವುದಾದರೂ ಸಂಖ್ಯೆಯ ವರ್ಗವಾಗಿದ್ದರೆ +, ಇಲ್ಲದಿದ್ದರೆ −.

ಹೊಸಕಲಿಕೆ
ವರ್ಗವಾಗಿದ್ದರೆ ಅಂದರೆ? 2 ಯಾವ ಸಂಖ್ಯೆಯ ವರ್ಗವೂ ಅಲ್ಲವಲ್ಲ.

ಶೇಷಪ್ರಿಯ
ಶೇಷದ ಲೆಕ್ಕದಲ್ಲಿ ಆಗುತ್ತದೆ. 7ನ್ನು ತಗೊಳ್ಳಿ. 1, 4, 9, 16, 25, 36 ಇವುಗಳನ್ನು 7ರಿಂದ ಭಾಗಿಸಿದರೆ ಶೇಷ 1, 4, 2, 2, 4, 1. ಹಾಗಾಗಿ 7ರ ಲೆಕ್ಕದಲ್ಲಿ 1, 2, 4 ವರ್ಗಗಳು. 3, 5, 6 ಅಲ್ಲ. 2 ಇಲ್ಲಿ 3ರ ವರ್ಗ: 9 = 7 + 2.

ಗುಣಲಬ್ಧ
ಚಿಹ್ನೆಗಳನ್ನು ನಾನು ಲೆಕ್ಕ ಹಾಕುತ್ತೇನೆ, ಕಂಪ್ಯೂಟರ್ ಬೇಡ.

ಆಧಾರ 2ಕ್ಕೆ: ಅವಿಭಾಜ್ಯವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದರೆ ಚಿಹ್ನೆ +. 151, 751, 28351 ಮೂರಕ್ಕೂ ಶೇಷ 7. ಮೂರೂ +.

ಆಧಾರ 3ಕ್ಕೆ ಗಾಸ್‌ನ ನಿಯಮ ಬೇಕು. ಅವನು 1796ರಲ್ಲಿ ಸಾಬೀತು ಮಾಡಿ 1801ರಲ್ಲಿ ಪ್ರಕಟಿಸಿದ ನಿಯಮ ಅದು. ಎರಡು ಬೆಸ ಅವಿಭಾಜ್ಯಗಳಿದ್ದರೆ, ಒಂದು ಇನ್ನೊಂದರ ಲೆಕ್ಕದಲ್ಲಿ ವರ್ಗವೇ ಎಂಬುದನ್ನು ತಿರುಗಿಸಿ ಕೇಳಬಹುದು. ಎರಡಕ್ಕೂ 4ರಿಂದ ಶೇಷ 3 ಬಂದರೆ ಉತ್ತರ ಉಲ್ಟಾ, ಇಲ್ಲದಿದ್ದರೆ ಅದೇ ಉತ್ತರ. ನಮ್ಮ ಮೂರನ್ನೂ 3ರಿಂದ ಭಾಗಿಸಿದರೆ ಶೇಷ 1. 1 ಯಾವಾಗಲೂ ವರ್ಗ. ಇಲ್ಲಿ ಉತ್ತರ ಉಲ್ಟಾ ಆಗಬೇಕು. ಹಾಗಾಗಿ ಮೂರೂ −.

ಆಧಾರ 5ಕ್ಕೆ: ಮೂರೂ 1ರಲ್ಲಿ ಕೊನೆಯಾಗುತ್ತವೆ, 5ರಿಂದ ಶೇಷ 1. ಉಲ್ಟಾ ಮಾಡುವಂತಿಲ್ಲ. ಮೂರೂ +.

ಆಧಾರ 7ಕ್ಕೆ: 151ರ ಶೇಷ 4, 751ರ ಶೇಷ 2, 28351ರ ಶೇಷ 1. ಶೇಷಪ್ರಿಯ ಅವರು ಮೇಲೆ ಕೊಟ್ಟ ಪಟ್ಟಿ ನೋಡಿ, ಮೂರೂ ವರ್ಗಗಳು. ಉಲ್ಟಾ ಮಾಡಿದರೆ ಮೂರೂ −.

ನಾಲ್ಕು ಆಧಾರಕ್ಕೂ ಮೂರು ಅವಿಭಾಜ್ಯಗಳು ಒಂದೇ ಮಾತು ಹೇಳಿದವು. ಇದೇ ನಿಮ್ಮ ಪ್ರಶ್ನೆಗೆ ಉತ್ತರ, ಬೆಸಸಂಖ್ಯೆ ಅವರೇ. 24ರಿಂದ ಭಾಗಿಸಿದರೆ ಮೂರಕ್ಕೂ ಶೇಷ 7 ಎಂಬ ಒಂದೇ ಸಂಗತಿ 2 ಮತ್ತು 3ನ್ನು ಒಟ್ಟಿಗೆ ದಾಟಿಸುತ್ತದೆ. ಕೊನೆಯ ಅಂಕಿ 1 ಎಂಬುದು 5ನ್ನು ದಾಟಿಸುತ್ತದೆ. 7ರಲ್ಲಿ ಮಾತ್ರ ಶೇಷಗಳು ಬೇರೆ ಬೇರೆ. ಆದರೂ ಮೂರೂ ವರ್ಗಗಳ ಗುಂಪಿಗೇ ಬಿದ್ದವು.

ಬೆಸಸಂಖ್ಯೆ
ಅದ್ಭುತ! 32 ಬಿಟ್ ಪೂರ್ತಿ ಜಾಲಾಡಿ ಸಿಕ್ಕಿದ್ದಕ್ಕೆ ಕಾರಣ ಇಷ್ಟು ಚಿಕ್ಕ ಭಾಗಾಕಾರಗಳಲ್ಲಿ ಇತ್ತು. ಹಾಗಾದರೆ 4, 6, 8, 9, 10 ಆಧಾರವಾಗಿ ಸೇರಿಸಿದರೂ ಪ್ರಯೋಜನ ಇಲ್ಲ ಅಲ್ವಾ? ಎರಡು ಆಧಾರ ಗುಣಿಸಿದರೆ ಚಿಹ್ನೆಗಳೂ ಗುಣಿಸಿಕೊಳ್ಳುತ್ತವೆ.

ಶೇಷಪ್ರಿಯ
ಸರಿಯಾಗಿ ಹಿಡಿದಿರಿ. 1ರಿಂದ 10ರವರೆಗೆ ಎಲ್ಲವೂ ಸುಳ್ಳುಸಾಕ್ಷಿಗಳೇ. 12, 14, 15, 16 ಕೂಡ. 2, 3, 5, 7 ಬಿಟ್ಟು ಬೇರೆ ಅವಿಭಾಜ್ಯ ಬೆರೆಯದ ಯಾವ ಗುಣಲಬ್ಧವೂ ಈ ಸಂಖ್ಯೆಯನ್ನು ಹಿಡಿಯಲಾರದು. ಅದಕ್ಕೇ ಆಧಾರಗಳಾಗಿ ಅವಿಭಾಜ್ಯಗಳನ್ನು ಆರಿಸುವುದು.

ಕೋಡ್‌ಬರಹ
ಪ್ರೋಗ್ರಾಂ ಬರೆಯುವವರಿಗೆ ಒಂದೆರಡು ಮಾತು. ಈ ಸಂಖ್ಯೆಯನ್ನು ಪರೀಕ್ಷೆಗೆ ಇಡಲು ಕಲಿಯಿರಿ, ಇದು ಎರಡು ರೀತಿಯ ತಪ್ಪನ್ನು ಹೊರಗೆ ತರುತ್ತದೆ.

ಒಂದು, 3215031751 ಎಂಬುದು 2147483647ಕ್ಕಿಂತ ದೊಡ್ಡದು, 4294967295ಕ್ಕಿಂತ ಚಿಕ್ಕದು. ಋಣ ಸಂಖ್ಯೆಗೂ ಜಾಗ ಇಡುವ 32 ಬಿಟ್ ಪೂರ್ಣಾಂಕದಲ್ಲಿ ಇದು ಹಿಡಿಸುವುದೇ ಇಲ್ಲ. ಇನ್ನೊಂದು, ವರ್ಗ ಮಾಡುವ ಹೆಜ್ಜೆ. ಶೇಷ 3215031750 ಆದಾಗ ಅದರ ವರ್ಗ 20 ಅಂಕಿಯದು, ಸುಮಾರು 1.03 × 10¹⁹. ಋಣಕ್ಕೂ ಜಾಗ ಇಡುವ 64 ಬಿಟ್‌ನ ಮಿತಿ 9223372036854775807. ಅದನ್ನು ದಾಟಿ ಉಕ್ಕಿ ಹರಿಯುತ್ತದೆ, ಉತ್ತರ ಕಸವಾಗುತ್ತದೆ. ಧನ ಮಾತ್ರ ಇಡುವ 64 ಬಿಟ್‌ನಲ್ಲಿ ಮಿತಿ 18446744073709551615, ಅಲ್ಲಿ ಹಿಡಿಸುತ್ತದೆ. ತಪ್ಪಾಗಿ ಬರೆದ ಪ್ರೋಗ್ರಾಂ ಇದನ್ನು 'ಸಂಯುಕ್ತ' ಎಂದು ಸರಿಯಾಗಿ ಹೇಳಿಬಿಡಬಹುದು, ಕಾರಣ ಮಾತ್ರ ತಪ್ಪು. ಆಧಾರ 2, 3, 5, 7ಕ್ಕೆ ಇದು ಪಾಸಾಗಲೇಬೇಕು. ಆಗದಿದ್ದರೆ ಗುಣಾಕಾರದಲ್ಲಿ ದೋಷ ಇದೆ ಎಂದೇ ಅರ್ಥ.

32 ಬಿಟ್‌ಗೆ ನಾಲ್ಕು ಆಧಾರವೂ ಬೇಡ. 2, 7, 61 ಮೂರೇ ಸಾಕು, 4759123141ಕ್ಕಿಂತ ಚಿಕ್ಕದಾದ ಯಾವ ಸಂಯುಕ್ತವೂ ಮೂರನ್ನೂ ದಾಟುವುದಿಲ್ಲ ಎಂದು ಯಾಶ್ಕೆ 1993ರಲ್ಲಿ ತೋರಿಸಿದ.

ಗುಣಲಬ್ಧ
61 ನಮ್ಮ ಸಂಖ್ಯೆಯನ್ನು ಹಿಡಿಯುತ್ತದೆಯಾ ಎಂದು ಕೈಲೆಕ್ಕದಲ್ಲೇ ನೋಡಿದೆ. 151ರ ಶೇಷ 29, 751ರ ಶೇಷ 19. 61ರ ಲೆಕ್ಕದಲ್ಲಿ 19 ವರ್ಗ, 29 ಅಲ್ಲ. ಚಿಹ್ನೆ ಬೆರೆಯಿತು. ಮೂರನೆಯದನ್ನು ನೋಡುವ ಅಗತ್ಯವೇ ಇಲ್ಲ.

ಸಂದೇಹಿ
ನನಗೆ ಒಂದು ಆಕ್ಷೇಪ ಇದೆ. 151 ಎಂಬುದು 36ನೇ ಅವಿಭಾಜ್ಯ. ಚಿಕ್ಕ ಅವಿಭಾಜ್ಯಗಳಿಂದ ಸುಮ್ನೆ ಭಾಗಿಸುತ್ತಾ ಹೋದರೆ 36ನೇ ಭಾಗಾಕಾರಕ್ಕೇ ಕೆಲಸ ಮುಗಿಯುತ್ತದೆ. ಶಾಲೆಯ ವಿಧಾನ ಗೆಲ್ಲುವ ಕಡೆ ಇಷ್ಟು ದೊಡ್ಡ ಪರೀಕ್ಷೆ ಸೋತಿದೆ. ಇಂಥ ಪರೀಕ್ಷೆಯನ್ನು ಯಾಕೆ ನಂಬಬೇಕು?

ಶೇಷಪ್ರಿಯ
ನ್ಯಾಯವಾದ ಪ್ರಶ್ನೆ. ಈ ಸಂಖ್ಯೆಗೆ ನೀವು ಹೇಳಿದ್ದು ಸರಿ, ಮತ್ತು ಒಳ್ಳೆಯ ಪ್ರೋಗ್ರಾಂಗಳು ಮೊದಲು ಚಿಕ್ಕ ಅವಿಭಾಜ್ಯಗಳಿಂದ ಭಾಗಿಸಿ ನೋಡಿಯೇ ಮುಂದೆ ಹೋಗುತ್ತವೆ. ಆದರೆ ಇದೇ ಗಾತ್ರದ ನಿಜವಾದ ಅವಿಭಾಜ್ಯ ಎದುರಾದರೆ ವರ್ಗಮೂಲದವರೆಗೆ, ಅಂದರೆ ಸುಮಾರು 56700ರವರೆಗೆ ಭಾಗಿಸುತ್ತಾ ಹೋಗಬೇಕು. ಅಂಕಿಗಳು ಹೆಚ್ಚಿದ ಹಾಗೆ ಆ ದಾರಿ ಮುಚ್ಚಿಹೋಗುತ್ತದೆ. ನೂರು ಅಂಕಿಯ ಸಂಖ್ಯೆಗೆ ಅದು ಆಗದ ಕೆಲಸ. ಮಿಲ್ಲರ್-ರಾಬಿನ್‌ಗೆ ನೂರು ಅಂಕಿ ಲೆಕ್ಕಕ್ಕೇ ಇಲ್ಲ.

ನಂಬಿಕೆಯ ವಿಷಯಕ್ಕೆ ಬಂದರೆ: ಆಗಲೇ ಹೇಳಿದ 1980ರ ಹುಡುಕಾಟದಲ್ಲಿ 2500 ಕೋಟಿಯೊಳಗೆ ಆಧಾರ 2ಕ್ಕೆ ಫರ್ಮಾ ಪರೀಕ್ಷೆ ದಾಟುವ ಸಂಯುಕ್ತಗಳು 21853 ಸಿಕ್ಕವು. ಮಿಲ್ಲರ್-ರಾಬಿನ್ ರೀತಿಯಲ್ಲಿ ನೋಡಿದರೆ 4842. ಅದೇ ಮಿತಿಯೊಳಗೆ ನಿಜವಾದ ಅವಿಭಾಜ್ಯಗಳು ನೂರು ಕೋಟಿಗೂ ಜಾಸ್ತಿ. ಒಂದೇ ಆಧಾರಕ್ಕೆ ಇಷ್ಟು ಕಡಿಮೆ ತಪ್ಪು!

ಸಂದೇಹಿ
ಒಪ್ಪುತ್ತೇನೆ. ಆದರೆ ರಾಬಿನ್ ಹೇಳುವುದು ಪ್ರತಿ ಆಧಾರಕ್ಕೂ ತಪ್ಪುವ ಸಾಧ್ಯತೆ ಕಾಲು ಭಾಗದವರೆಗೆ ಇರಬಹುದು ಎಂದಲ್ವಾ? ನಾಲ್ಕರಲ್ಲಿ ಒಂದು ಅಂದರೆ ನನಗೆ ಬಹಳ ಜಾಸ್ತಿ ಅನ್ನಿಸುತ್ತದೆ.

ಶೇಷಪ್ರಿಯ
ಕಾಲು ಭಾಗ ಎಂಬುದು ಅತಿ ಕೆಟ್ಟ ಸಂಖ್ಯೆಗಳ ಮಿತಿ. ಬಹುಪಾಲು ಸಂಖ್ಯೆಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಗಮನಿಸಿ, ನಮ್ಮ 3215031751 ಆ ಮಿತಿಯನ್ನು ಮುಟ್ಟುತ್ತದೆ! ಮೂರು ಚಿಹ್ನೆಗಳು ಎಂಟು ರೀತಿಯಲ್ಲಿ ಬರಬಹುದು. ಎಂಟೂ ಸಮ ಸಮ ಬರುತ್ತವೆ. ಅದರಲ್ಲಿ ಪಾಸಾಗುವುದು ಎರಡು, ಮೂರೂ + ಮತ್ತು ಮೂರೂ −. ಎಂಟರಲ್ಲಿ ಎರಡು ಅಂದರೆ ಕಾಲು ಭಾಗ.

ಅಂಕಿಗಳಲ್ಲಿ ಹೇಳುವುದಾದರೆ, ಇದರೊಂದಿಗೆ ಸಾಮಾನ್ಯ ಅಪವರ್ತನ ಇಲ್ಲದ ಆಧಾರಗಳು 150 × 750 × 28350 = 3189375000. ಅದರ ಕಾಲು, 797343750 ಆಧಾರಗಳು ಸುಳ್ಳು ಹೇಳುತ್ತವೆ. ಎಲ್ಲಾ ಆಧಾರಗಳಲ್ಲಿ ಇದು 24.8 ಶೇಕಡಾ. ಎಲ್ಲಾ ಅಪವರ್ತನಗಳೂ 4ರಿಂದ ಶೇಷ 3 ಕೊಡುವ ಮೂರು ಅಪವರ್ತನದ ಕಾರ್ಮೈಕಲ್ ಸಂಖ್ಯೆಗಳೆಲ್ಲ ಹೀಗೇ.

ಇಷ್ಟು ಕೆಟ್ಟ ಸಂಖ್ಯೆಗೂ ಆಧಾರಗಳನ್ನು ಯಾದೃಚ್ಛಿಕವಾಗಿ ಆರಿಸಿದರೆ ನಾಲ್ಕನ್ನೂ ದಾಟುವ ಸಾಧ್ಯತೆ ಸುಮಾರು 264ರಲ್ಲಿ ಒಂದು. ಇಪ್ಪತ್ತು ಆಧಾರ ಆರಿಸಿದರೆ ಒಂದು ಲಕ್ಷ ಕೋಟಿಯಲ್ಲಿ ಒಂದಕ್ಕೂ ಕಡಿಮೆ. ತೊಂದರೆ ಬರುವುದು ಆಧಾರಗಳು ಮೊದಲೇ ಗೊತ್ತಿದ್ದಾಗ. 2, 3, 5, 7 ಮಾತ್ರ ಕೇಳುತ್ತಾರೆ ಎಂದು ಗೊತ್ತಿದ್ದರೆ ಅದಕ್ಕೆ ತಕ್ಕ ಸಂಖ್ಯೆ ಕಟ್ಟಬಹುದು.

ಹೊಸಕಲಿಕೆ
ಕಟ್ಟಬಹುದಾ? ಹುಡುಕುವುದಲ್ಲ, ಕಟ್ಟುವುದು?

ಗುಣಲಬ್ಧ
ಕಟ್ಟಬಹುದು. ಮೊದಲ ಅವಿಭಾಜ್ಯ 151 ಎಂದುಕೊಳ್ಳಿ. ಅದರಿಂದ 1 ಕಳೆದು 5ರಿಂದ ಗುಣಿಸಿ 1 ಸೇರಿಸಿದರೆ 751. 189ರಿಂದ ಗುಣಿಸಿ 1 ಸೇರಿಸಿದರೆ 28351. ಇದೇ ಅಚ್ಚನ್ನು ಹಿಡಿದು ಅರ್ನೋ 1995ರಲ್ಲಿ 397 ಅಂಕಿಯ ಒಂದು ಕಾರ್ಮೈಕಲ್ ಸಂಖ್ಯೆ ಕಟ್ಟಿದ. ಅವನ ಗುಣಕಗಳು 5 ಮತ್ತು 189 ಅಲ್ಲ, 313 ಮತ್ತು 353. ಮೊದಲ ಅವಿಭಾಜ್ಯದ ಶೇಷಗಳನ್ನು ಬೇಕಾದ ಹಾಗೆ ಆರಿಸಿಕೊಂಡ. ಫಲ ಏನು ಗೊತ್ತಾ? 307ಕ್ಕಿಂತ ಚಿಕ್ಕ ಅವಿಭಾಜ್ಯ ಆಧಾರಗಳೆಲ್ಲವನ್ನೂ ಆ ಸಂಖ್ಯೆ ದಾಟುತ್ತದೆ. ನಾಲ್ಕು ಆಧಾರದ ಮೋಸವನ್ನು ಅರವತ್ತಕ್ಕೂ ಜಾಸ್ತಿ ಆಧಾರಕ್ಕೆ ಬೆಳೆಸಿದ ಹಾಗಾಯಿತು. ಅದರಲ್ಲಿ ಚಿಕ್ಕ ಅಪವರ್ತನವೂ ಇಲ್ಲ, ಸಂದೇಹಿ ಅವರ ಶಾಲೆಯ ವಿಧಾನ ಅಲ್ಲಿ ಕೈಕೊಡುತ್ತದೆ.

ಕೋಡ್‌ಬರಹ
ಅದಕ್ಕೇ ಹೊರಗಿನವರು ಕೊಟ್ಟ ಸಂಖ್ಯೆಯನ್ನು ಪರೀಕ್ಷಿಸುವಾಗ ಆಧಾರ ಯಾದೃಚ್ಛಿಕವಾಗಿರಬೇಕು ಅನ್ನುವುದು. ಇಲ್ಲದಿದ್ದರೆ ಬೈಲಿ-ಪಿಎಸ್‌ಡಬ್ಲ್ಯು ಪರೀಕ್ಷೆ ಬಳಸಿ. ಆಧಾರ 2ರ ಜೊತೆ ಲೂಕಾ ಸರಣಿಯ ಪರೀಕ್ಷೆಯೊಂದನ್ನು ಸೇರಿಸಿದ್ದು ಅದು. ಎರಡನ್ನೂ ದಾಟುವ ಒಂದೂ ಸಂಯುಕ್ತ ಸಂಖ್ಯೆ ಇದುವರೆಗೆ ಯಾರಿಗೂ ಸಿಕ್ಕಿಲ್ಲ. 64 ಬಿಟ್‌ನೊಳಗೆ ಇಲ್ಲವೇ ಇಲ್ಲ ಎಂದು ಪರಿಶೀಲಿಸಿ ಆಗಿದೆ.

ಬೆಸಸಂಖ್ಯೆ
64 ಬಿಟ್‌ಗೆ ಸ್ಥಿರ ಆಧಾರಗಳೇ ಬೇಕು ಎಂದರೆ?

ಕೋಡ್‌ಬರಹ
2ರಿಂದ 37ರವರೆಗಿನ ಮೊದಲ 12 ಅವಿಭಾಜ್ಯಗಳು ಸಾಕು. ಅವೆಲ್ಲವನ್ನೂ ದಾಟುವ ಅತಿ ಚಿಕ್ಕ ಸಂಯುಕ್ತ 318665857834031151167461. ಅದು 64 ಬಿಟ್‌ನ ಮಿತಿಗಿಂತ ಎಷ್ಟೋ ಆಚೆ ಇದೆ. ಈ ಸಾಲಿನಲ್ಲಿ ನಿಮ್ಮ ಸಂಖ್ಯೆಗೂ ಒಂದು ಜಾಗ ಇದೆ. 2 ಒಂದನ್ನೇ ದಾಟುವ ಅತಿ ಚಿಕ್ಕದು 2047. 2, 3 ದಾಟುವುದು 1373653. 5 ಸೇರಿದರೆ 25326001. 7 ಸೇರಿದರೆ 3215031751. 11 ಸೇರಿದರೆ ಒಮ್ಮೆಲೇ 2152302898747.

ಹೊಸಕಲಿಕೆ
ದೊಡ್ಡ ಸಂಖ್ಯೆಗೆ ನನ್ನ ಕೈ ಓಡುವುದಿಲ್ಲ. ಇದೇ ಸ್ವಭಾವದ, ಕೈಯಲ್ಲಿ ಮಾಡಬಹುದಾದ ಸಂಖ್ಯೆ ಇದೆಯಾ?

ಗುಣಲಬ್ಧ
8911 = 7 × 19 × 67 ತಗೊಳ್ಳಿ. 6, 18, 66 ಮೂರೂ 8910ನ್ನು ಭಾಗಿಸುತ್ತವೆ, ಹಾಗಾಗಿ ಕಾರ್ಮೈಕಲ್. ಮೂರಕ್ಕೂ 4ರಿಂದ ಶೇಷ 3. ಅರ್ಧ ಘಾತ 4455. ಮೂರಕ್ಕೂ 3ರಿಂದ ಶೇಷ 1, ಹಾಗಾಗಿ ಆಧಾರ 3ಕ್ಕೆ ಮೂರೂ −, ಪಾಸು. ಆಧಾರ 2ಕ್ಕೆ? 7ನ್ನು 8ರಿಂದ ಭಾಗಿಸಿದರೆ ಶೇಷ 7, ಚಿಹ್ನೆ +. 19 ಮತ್ತು 67ಕ್ಕೆ ಶೇಷ 3, ಚಿಹ್ನೆ −. ಬೆರೆಯಿತು, ಸಿಕ್ಕಿಬಿತ್ತು. 2ರ 4455ನೇ ಘಾತದ ಶೇಷ 6364 ಬರುತ್ತದೆ. ಅದರಿಂದ 1 ಕಳೆದು 8911ರೊಂದಿಗೆ ಮಸಾಅ ತೆಗೆಯಿರಿ.

ಹೊಸಕಲಿಕೆ
6363 ಮತ್ತು 8911. ಕಳೆದರೆ 2548. 6363ರಿಂದ ಅದರ ಎರಡರಷ್ಟು, 5096 ಕಳೆದರೆ 1267. 2548ರಿಂದ 2534 ಕಳೆದರೆ 14. 1267ನ್ನು 14ರಿಂದ ಭಾಗಿಸಿದರೆ ಶೇಷ 7. ಮಸಾಅ 7! ಅಪವರ್ತನವೇ ಸಿಕ್ಕಿಬಿಟ್ಟಿತು!

ಶೇಷಪ್ರಿಯ
ಹೌದು, ಅದೇ ಇದರ ಸೊಗಸು. ಚಿಹ್ನೆ + ಬಂದ ಅವಿಭಾಜ್ಯ, 1 ಕಳೆದದ್ದನ್ನು ಭಾಗಿಸುತ್ತದೆ. − ಬಂದವು, 1 ಕೂಡಿಸಿದ್ದನ್ನು ಭಾಗಿಸುತ್ತವೆ. ಚಿಹ್ನೆ ಬೆರೆತರೆ ಸಂಖ್ಯೆ ಒಡೆದುಹೋಗುತ್ತದೆ. ಮಿಲ್ಲರ್-ರಾಬಿನ್ ಸಾಮಾನ್ಯವಾಗಿ 'ಸಂಯುಕ್ತ' ಎಂದಷ್ಟೇ ಹೇಳುತ್ತದೆ, ಅಪವರ್ತನ ಕೊಡುವುದಿಲ್ಲ. ಆದರೆ ಕಾರ್ಮೈಕಲ್ ಸಂಖ್ಯೆಯಾದರೆ, ಹಿಡಿದ ಆಧಾರವೇ ಒಡೆದೂ ಕೊಡುತ್ತದೆ.

ಈಗ 3215031751ಕ್ಕೆ 11ನ್ನು ಹಿಡಿಯೋಣ. 11ರಿಂದ 151ರ ಶೇಷ 8, 751ರ ಶೇಷ 3, 28351ರ ಶೇಷ 4. 11ರ ಲೆಕ್ಕದಲ್ಲಿ ವರ್ಗಗಳು 1, 3, 4, 5, 9. ಹಾಗಾಗಿ 8 ಅಲ್ಲ, 3 ಮತ್ತು 4 ಹೌದು. ಉಲ್ಟಾ ಮಾಡಿದರೆ ಚಿಹ್ನೆಗಳು +, −, −. 151 ಒಂಟಿಯಾಯಿತು. 11ರ ಅರ್ಧ ಘಾತದ ಶೇಷ 2129160099. ಇದಕ್ಕೆ 1 ಕೂಡಿಸಿ ನೋಡಿ: 2129160100. ಅದು ನೂರು ಸಲ 21291601. ಆ 21291601 ಬೇರೇನಲ್ಲ, 751 × 28351.

ಸಂದೇಹಿ
ಇದನ್ನು ನಾನೇ ಲೆಕ್ಕ ಹಾಕಿ ನೋಡಿದೆ, ಸರಿ ಇದೆ. 1 ಕಳೆದ 2129160098 ಕೂಡ 151 × 14100398. ನಾನು ಕೇಳಿದ್ದಕ್ಕೆ ಇಷ್ಟು ಒಳ್ಳೆಯ ಉತ್ತರ ಸಿಗುತ್ತದೆ ಎಂದುಕೊಂಡಿರಲಿಲ್ಲ. ಧನ್ಯವಾದ.

ಬೆಸಸಂಖ್ಯೆ
ನಾನು 13ಕ್ಕೆ ಪ್ರಯತ್ನಿಸಿದೆ. 13ರಿಂದ ಶೇಷಗಳು 8, 10, 11. ಅಲ್ಲಿ ವರ್ಗಗಳು 1, 3, 4, 9, 10, 12. 13ಕ್ಕೆ 4ರಿಂದ ಶೇಷ 1, ಉಲ್ಟಾ ಮಾಡುವಂತಿಲ್ಲ. ಚಿಹ್ನೆಗಳು −, +, −. ಹಾಗಾದರೆ 13 ಹಿಡಿದರೆ 751 ಒಂಟಿಯಾಗಬೇಕು. ಪ್ರೋಗ್ರಾಂನಲ್ಲಿ ಮಸಾಅ ತೆಗೆದೆ, 751 ಬಂತು!

28351 ಒಂದನ್ನೇ ಹೊರಗೆ ತೆಗೆಯುವ ಆಧಾರ ಯಾವುದು?

ಗುಣಲಬ್ಧ
ನೀವೇ ಮೇಲೆ ಹೇಳಿದ್ದೀರಿ, ಆಧಾರ ಗುಣಿಸಿದರೆ ಚಿಹ್ನೆಯೂ ಗುಣಿಸುತ್ತದೆ ಎಂದು. 11ರದ್ದು +, −, −. 13ರದ್ದು −, +, −. ಗುಣಿಸಿ.

ಬೆಸಸಂಖ್ಯೆ
−, −, +. ಆಧಾರ 143. ಈಗ ಓಡಿಸಿದೆ, 28351 ಬಂತು.